'ಬಾರ್ಡರ್' ಅಂದರೆ ಗಡಿ ಮಾತ್ರವೇ? ಕಾಸರಗೋಡಿನ ಮೂವರು ಬರಹಗಾರರು ಮತ್ತು ಒಂದು ಅನುವಾದದ ಪ್ರಶ್ನೆ

ಬೆಳಗ್ಗಿನಿಂದ ನಾವೆಲ್ಲ 'ಗಡಿನಾಡ ಸಾಹಿತ್ಯ' ಎನ್ನುವ ಮಾತನ್ನು ಧಾರಾಳವಾಗಿ ಬಳಸಿದ್ದೇವೆ. ನನ್ನ ಊರು ಕಾಸರಗೋಡು ಜಿಲ್ಲೆಯಲ್ಲಿ, ಹಾಗಾಗಿ ಈ ಮಾತು ನನಗೂ ಅಂಟಿಕೊಳ್ಳುತ್ತದೆ. ನನ್ನ ಪ್ರಶ್ನೆ ಸಣ್ಣದು: ಇಂಗ್ಲಿಷಿನ 'ಬಾರ್ಡರ್' ಎಂಬ ಪದಕ್ಕೆ ನಾವು ಯೋಚಿಸದೆ 'ಗಡಿ' ಅಂತ ಹಾಕ್ತೇವಲ್ಲ, ಆ ಆಯ್ಕೆಯಿಂದ ನಮ್ಮ ಓದಿಗೆ ಏನಾಗ್ತದೆ?

ಮೊದಲು ಇಂಗ್ಲಿಷ್ ಪದವನ್ನೇ ನೋಡುವ. 'ಬಾರ್ಡರ್' ಫ್ರೆಂಚಿನಿಂದ ಬಂದದ್ದು, ಅದರ ಮೂಲದಲ್ಲಿ ಬದಿ, ಅಂಚು ಎಂಬ ಅರ್ಥ ಉಂಟು. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಸೇರುವ ಪ್ರದೇಶವನ್ನು 'ಬಾರ್ಡರ್ಸ್' ಅಂತಲೇ ಕರೀತಾರೆ. ಅಲ್ಲಿ ಆ ಪದ ಗೆರೆಯನ್ನಲ್ಲ, ಜನ ಬದುಕುವ ಜಾಗವನ್ನು ಹೇಳ್ತದೆ. 'ಬೌಂಡರಿ' ಅಳತೆಯ ಪದ. 'ಫ್ರಾಂಟಿಯರ್' ಎನ್ನುವುದರಲ್ಲಿ ಹಣೆ, ಮುಂಭಾಗ ಎಂಬ ಅರ್ಥ ಅಡಗಿದೆ, ಅಂದ್ರೆ ಎದುರಿಗೆ ಇನ್ನೊಬ್ಬ ನಿಂತಿರಬೇಕು. 'ಮಾರ್ಜಿನ್' ಪುಟದ ಬದಿ. ಅದು ನಮ್ಮ ವಿಮರ್ಶೆಯೊಳಗೆ 'ಅಂಚಿಗೆ ತಳ್ಳಲ್ಪಟ್ಟವರು' ಆಗಿ ಬಂತು.

ಕನ್ನಡದಲ್ಲಿ ಪದಗಳಿಗೆ ಬರವೇನೂ ಇಲ್ಲ. 'ಎಲ್ಲೆ' ತಮಿಳಿನ 'ಎಲ್ಲೈ'ಯ ಒಡಹುಟ್ಟು. ಎಲ್ಲೆಕಲ್ಲು ಹೊಲದಲ್ಲಿರ್ತದೆ, 'ಎಲ್ಲೆ ಮೀರಬೇಡ' ಎಂಬ ಮಾತು ಮನೆಯೊಳಗಿರ್ತದೆ. 'ಮೇರೆ' ಇನ್ನೂ ವಿಚಿತ್ರ: ಸಂತೋಷಕ್ಕೆ ಮೇರೆಯೇ ಇರಲಿಲ್ಲ ಅಂತೇವೆ, ಸರ್ಕಾರಿ ಪತ್ರದಲ್ಲಿ 'ಆದೇಶದ ಮೇರೆಗೆ' ಅಂತ ಬರೀತೇವೆ. 'ಸರಹದ್ದು' ಪಾರಸಿಯಿಂದ ಬಂದು ಪೊಲೀಸ್ ಠಾಣೆಯಲ್ಲೂ ಸರ್ವೆ ಕಚೇರಿಯಲ್ಲೂ ನೆಲೆಸಿತು. 'ಅಂಚು' ಅಂದರೆ ಸೀರೆ ನೆನಪಾಗ್ತದೆ. ಸೀರೆಯಂಗಡಿಯಲ್ಲಿ ಅದಕ್ಕೆ 'ಬಾರ್ಡರ್' ಅಂತಲೇ ಹೆಸರು, ಗಿರಾಕಿಯ ಕಣ್ಣು ಮೊದಲು ಹೋಗುವುದೂ ಅಲ್ಲಿಗೇ. ವಿಮರ್ಶೆಯ ಭಾಷೆಯಲ್ಲಿ ಮಾತ್ರ ಅಂಚು ಕಡೆಗಣಿಸಿದ ಜಾಗವಾಗಿಬಿಟ್ಟಿದೆ.

ನನಗೆ ಎಲ್ಲಕ್ಕಿಂತ ಕುತೂಹಲ ಹುಟ್ಟಿಸುವ ಪದ 'ಸೀಮೆ'. ಸಂಸ್ಕೃತದಲ್ಲಿ ಅದು ಗೆರೆ. ಕನ್ನಡದಲ್ಲಿ ಬಯಲುಸೀಮೆ, ಕುಂಬಳೆ ಸೀಮೆ ಅಂದರೆ ಗೆರೆಯ ಒಳಗಿನ ನೆಲ. ಅದೇ ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಬದನೆ ಅಂದಾಗ ಗೆರೆಯ ಆಚೆ, ಪರದೇಶದಿಂದ ಬಂದದ್ದು. ಒಂದೇ ಪದ ಗೆರೆಯನ್ನೂ ಒಳಗನ್ನೂ ಹೊರಗನ್ನೂ ಹೇಳ್ತದೆ. ಕೇರಳದಲ್ಲಿದ್ದುಕೊಂಡು ಕನ್ನಡದಲ್ಲಿ ಬರೆಯುವವರ ಸ್ಥಿತಿಗೆ ಇದಕ್ಕಿಂತ ಹತ್ತಿರದ ಪದ ನನಗೆ ಸಿಕ್ಕಿಲ್ಲ.

ಇನ್ನು 'ಗಡಿ'. ಪತ್ರಿಕೆಯ ಕನ್ನಡದಲ್ಲಿ ಅದರ ಜೊತೆಗಾರರು ಯಾರು ನೋಡಿ: ಗಡಿ ವಿವಾದ, ಗಡಿ ಭದ್ರತೆ, ಗಡಿಪಾರು. ಹೆಚ್ಚುಕಮ್ಮಿ 'ಫ್ರಾಂಟಿಯರ್'ನ ಅರ್ಥವೇ. ಆದರೆ ತುಳುನಾಡಿನಲ್ಲಿ 'ಗಡಿ ಹಿಡಿಯುವುದು' ಅಂದರೆ ಗುತ್ತಿನ ಮನೆಯ ಯಜಮಾನಿಕೆಯನ್ನು ಆಚಾರಪೂರ್ವಕವಾಗಿ ವಹಿಸಿಕೊಳ್ಳುವುದು. ಅಲ್ಲಿ ಗಡಿ ಒಂದು ಹೊಣೆ.

ಈ ಛಾಯೆಗಳನ್ನು ಹಿಡಿದುಕೊಂಡು ಮೂವರನ್ನು ಓದುವ. ಮಂಜೇಶ್ವರ ಗೋವಿಂದ ಪೈ ಅವರನ್ನು ಎಷ್ಟೋ ಕಡೆ 'ಗಡಿನಾಡ ಕವಿ' ಅಂತ ಪರಿಚಯಿಸ್ತಾರೆ. ಮದ್ರಾಸ್ ಸರ್ಕಾರ ಅವರಿಗೆ ರಾಷ್ಟ್ರಕವಿ ಬಿರುದು ಕೊಟ್ಟದ್ದು 1949ರಲ್ಲಿ. ಆಗ ಮಂಜೇಶ್ವರ, ಮಂಗಳೂರು ಎರಡೂ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇದ್ದವು. ಗೆರೆ ಬಿದ್ದದ್ದು 1956ರ ನವೆಂಬರ್ 1ರಂದು, ಆಗ ಅವರಿಗೆ 73 ವರ್ಷ. ಯೇಸುವಿನ ಕೊನೆಯ ದಿನದ 'ಗೊಲ್ಗೊಥಾ', ಬುದ್ಧನ ಕೊನೆಯ ದಿನದ 'ವೈಶಾಖಿ' ಎರಡೂ ಆ ಗೆರೆಗಿಂತ ಹಳೆಯವು. ಅವುಗಳಲ್ಲಿ ಗಡಿ ಹುಡುಕುವುದು ಕಾಲಕ್ಕೆ ಹೊಂದದ ಓದು. ಪೈಗಳಿಗೆ ಒಪ್ಪುವ ಪದ ಎಲ್ಲೆ. ಆದಿಪ್ರಾಸವಿಲ್ಲದೆ ಕನ್ನಡ ಪದ್ಯ ಬರೆಯಲು ಮುಂದಾದವರು ಅವರು.

ಕಯ್ಯಾರ ಕಿಞ್ಞಣ್ಣ ರೈ (1915–2015) ಅವರ ವಿಷಯ ಬೇರೆ. ಕಾಸರಗೋಡು ಕರ್ನಾಟಕಕ್ಕೆ ಸೇರಬೇಕು ಅಂತ ಬದುಕಿಡೀ ಹೋರಾಡಿದವರು, ಅವರಿಗೆ 'ಗಡಿ' ನ್ಯಾಯವಾಗಿಯೇ ಸಲ್ಲುತ್ತದೆ. ಆದರೆ ಅವರು ಮಲಯಾಳದ ಕುಮಾರನ್ ಆಶಾನ್ ಕಾವ್ಯವನ್ನು ಕನ್ನಡಕ್ಕೆ ತಂದವರು, ತುಳುವಿನಲ್ಲೂ ಬರೆದವರು. ಗಡಿ ಅಂದರೆ ಬೇಲಿ ಮಾತ್ರ ಅಂತ ಓದಿದರೆ ಈ ಅನುವಾದ ಹೋರಾಟಕ್ಕೆ ವಿರುದ್ಧವಾಗಿ ಕಾಣ್ತದೆ, ನಾವೂ ಅದನ್ನು ಅಡಿಟಿಪ್ಪಣಿಗೆ ದೂಡ್ತೇವೆ. ತುಳುವಿನ 'ಗಡಿ'ಯಾಗಿ, ಹೊಣೆಯಾಗಿ ಓದಿದರೆ ಎರಡೂ ಒಬ್ಬನೇ ಮನುಷ್ಯ ಮಾಡಿದ ಕೆಲಸ. ತಮ್ಮ ಆತ್ಮಕಥೆಗೆ ಅವರು ಇಟ್ಟ ಹೆಸರು 'ದುಡಿತವೇ ನನ್ನ ದೇವರು'. ಅದರಲ್ಲಿಯೂ ಎದ್ದು ಕಾಣುವುದು ದುಡಿಮೆ.

ಮೂರನೆಯವರು ಸಾರಾ ಅಬೂಬಕ್ಕರ್. ಚಂದ್ರಗಿರಿ ನದಿಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕು ಅಂತ ಮಹಾಜನ ಆಯೋಗ 1967ರ ವರದಿಯಲ್ಲಿ ಶಿಫಾರಸು ಮಾಡಿತು, ಅದು ಜಾರಿಗೆ ಬರಲಿಲ್ಲ. ಆಯೋಗಕ್ಕೆ ಆ ನದಿ ಒಂದು ಗಡಿ. 1980ರ ದಶಕದ ಆರಂಭದಲ್ಲಿ ಲಂಕೇಶ್ ಪತ್ರಿಕೆಯಲ್ಲಿ ಸಾರಾ ಅವರ ಕಾದಂಬರಿ ಬಂದಾಗ ಅದರ ಹೆಸರು 'ಚಂದ್ರಗಿರಿಯ ತೀರದಲ್ಲಿ'. ಅದೇ ನದಿ, ಬೇರೆ ಪದ. ನಾದಿರಾಳನ್ನು ಕಟ್ಟಿಹಾಕುವ ಗೆರೆಗಳನ್ನು ಯಾವ ರಾಜ್ಯವೂ ಎಳೆದದ್ದಲ್ಲ. ತಂದೆಯ ಹಟ, ತಲಾಖ್, ಮತ್ತೆ ಗಂಡನ ಬಳಿ ಹೋಗಬೇಕಾದರೆ ನಡುವೆ ಇನ್ನೊಂದು ಮದುವೆ ಆಗಬೇಕೆಂಬ ಕಟ್ಟಳೆ, ಇವು ಎಳೆದದ್ದು. ಈ ಕೃತಿಯನ್ನು 'ಗಡಿನಾಡ ಕಾದಂಬರಿ' ಎಂಬ ಕಪಾಟಿನಲ್ಲಿ ಇಟ್ಟರೆ ನಾದಿರಾ ಹಿನ್ನೆಲೆಗೆ ಸರಿದು ಭೂಪಟ ಮುಂದೆ ಬರ್ತದೆ.

ಹಾಗಾದ್ರೆ 'ಗಡಿ' ಪದವನ್ನೇ ಬಿಡೋಣವೇ ಅಂತ ನೀವು ಕೇಳಬಹುದು. ಬಿಡಲಿಕ್ಕೆ ಆಗುವುದಿಲ್ಲ. ಕೇರಳದಲ್ಲಿ 2017ರಲ್ಲಿ ಶಾಲೆಗಳಿಗೆ ಮಲಯಾಳ ಕಡ್ಡಾಯ ಮಾಡುವ ಕಾಯ್ದೆ ಬಂದಾಗ ನಮ್ಮ ಕಡೆಯವರಿಗೆ ಬೇಕಾದದ್ದು ಇದೇ ಪದ. ಭಾಷಾ ಅಲ್ಪಸಂಖ್ಯಾತರ ಹಕ್ಕು ಕೇಳುವಾಗ 'ತೀರ' ಅಂದರೆ ಯಾವ ಕಚೇರಿಗೂ ಅರ್ಥವಾಗದು. ಅರ್ಜಿಯಲ್ಲಿ 'ಗಡಿ' ಇರಲಿ. ತೊಂದರೆ ಆಗುವುದು ಅರ್ಜಿಯ ಪದವನ್ನೇ ವಿಮರ್ಶೆಗೂ ತಂದಾಗ. ಆಗ ನಮ್ಮ ಕಡೆಯ ಕತೆ, ಕವಿತೆ ಎಲ್ಲವನ್ನೂ ಅರ್ಜಿಯ ಹಾಗೆಯೇ ಓದಲಾಗ್ತದೆ: ನೋವು ಇದೆಯಾ, ಅಭಿಮಾನ ಇದೆಯಾ ಅಂತ ನೋಡ್ತಾರೆ, ಬರಹ ಹೇಗಿದೆ ಅಂತ ಯಾರೂ ಕೇಳುವುದಿಲ್ಲ. ಈಗಷ್ಟೇ ಬರೆಯಲು ತೊಡಗಿದ ನನ್ನ ವಯಸ್ಸಿನವರಿಗೆ ಇದು ಸಣ್ಣ ಹೊರೆಯಲ್ಲ.

ನನ್ನ ಸೂಚನೆ ಇಷ್ಟೇ. ಒಂದು ಕೃತಿಗೆ 'ಗಡಿನಾಡ' ಎಂಬ ವಿಶೇಷಣ ಹಚ್ಚುವ ಮೊದಲು ಆ ಕೃತಿಯೊಳಗಿನ ಗೆರೆ ಯಾವುದು, ಅದಕ್ಕೆ ಕೃತಿಯೇ ಬಳಸುವ ಪದ ಯಾವುದು ಅಂತ ನೋಡುವ. ಅಕ್ಕಲಕೋಟೆ, ಆದೋನಿ, ತಾಳವಾಡಿಯಿಂದ ಸೇರಿಕೊಂಡಿರುವ ಗೆಳೆಯರು ತಮ್ಮ ಮನೆಮಾತಿನಲ್ಲಿ 'ಬಾರ್ಡರ್'ಗೆ ಏನಂತಾರೆ ಎನ್ನುವುದನ್ನು ಈಗ ಚರ್ಚೆಯಲ್ಲಿ ಹೇಳಿದರೆ ಈ ಪಟ್ಟಿ ಬೆಳೆಯುತ್ತದೆ.