ಹಳೆ ಮೋರೆಯ ಹೊಸ ಗಾಡಿಗಳು

ಹಳೆಯ ಗಾಡಿಯ ನೆನಪನ್ನು ಹೊಸದಕ್ಕೆ ಹಚ್ಚಿ ಮಾರಬೇಕಾದರೆ ಹಳೆಯದು ಮೊದಲು ರಸ್ತೆಯಿಂದ ಮಾಯವಾಗಿರಬೇಕು. ಇಲ್ಲದ್ದಕ್ಕೇ ಹಂಬಲ ಹುಟ್ಟುವುದು. ರೆಟ್ರೋ ಕಾರುಗಳ ವ್ಯಾಪಾರ ನಿಂತಿರುವುದೆಲ್ಲ ಈ ಲೆಕ್ಕದ ಮೇಲೆ. ಲಂಡನ್ನಿಗೆ, ಮುಂಬೈಗೆ, ಬೆಂಗಳೂರಿಗೆ ಅದು ಸರಿ ಹೊಂದುತ್ತದೆ. ರಾಯಚೂರಿನಿಂದ ಮಾನ್ವಿಗೆ ಹೋಗುವ ರಸ್ತೆಯಲ್ಲಿ ಹೊಂದುವುದಿಲ್ಲ. ಇಲ್ಲಿ ಚೌಕ ಮೈಯ ಕ್ರೂಸರ್ ಇವತ್ತಿಗೂ ಹತ್ತಿ ಬಿಡಿಸುವವರನ್ನು, ಮದುವೆ ದಿಬ್ಬಣವನ್ನು ತುಂಬಿಕೊಂಡು ಓಡುತ್ತದೆ. 2000ದಲ್ಲಿ ಬಂದ ಬೊಲೆರೋ ಅದೇ ನೆಟ್ಟನೆಯ ಮೋರೆಯಲ್ಲಿ ಇನ್ನೂ ಮಾರಾಟವಾಗುತ್ತಿದೆ. ಇವುಗಳ ಮಧ್ಯೆ ಹಳೆಯ ಜೀಪಿನ ಮೋರೆ ಹೊತ್ತ ಮಹೀಂದ್ರದ ಒಂದು ಹೊಸ ಥಾರ್ ಬಂದು ನಿಂತಾಗ ಅದು ಯಾವ ಕಾಲವನ್ನು ನೆನಪಿಸಬೇಕು? ನೀರಮಾನ್ವಿಯ ಯಲ್ಲಮ್ಮನ ಜಾತ್ರೆಯಲ್ಲಿ, ಟ್ರ್ಯಾಕ್ಟರ್ ಟ್ರಾಲಿಗಳ ಪಕ್ಕ ಮೈತುಂಬ ಭಂಡಾರ ಬಳಿದುಕೊಂಡು ನಿಂತ ಥಾರ್ ಒಂದರ ಸುತ್ತ ನಡೆದ ಮಾತು ಹೀಗಿತ್ತು:

“ನಾಕ್ ಮಂದಿ ಕುಂತ್ರ ತುಂಬ್ತದಲ್ಲೋ ತಮ್ಮಾ. ಜಾತ್ರಿಗೆ ಇದ್ರಾಗ ಯಾರ್ನ ಕರ್ಕೊಂಡು ಬರ್ತಿ?”

“ಇದು ಮಂದಿ ಹಾಕ್ಕೊಂಡು ತಿರುಗೋ ಗಾಡಿ ಅಲ್ಲ ಕಾಕಾ. ಲುಕ್ ನೋಡ್ರಿ, ಲುಕ್.”

ಜಗತ್ತಿನಲ್ಲಿ ರೆಟ್ರೋ ವಿನ್ಯಾಸದ ಬಗ್ಗೆ ನಡೆಯುವ ಜಗಳವೆಲ್ಲ ಈ ಎರಡು ಮಾತಿನಲ್ಲಿದೆ. ನಾನು ಹೆಚ್ಚುಪಾಲು ಕಾಕಾನ ಕಡೆ. ಆದರೆ ತಮ್ಮನ ಮಾತನ್ನು ತೆಗೆದುಹಾಕುವಂತಿಲ್ಲ.

ಮೊದಲು ಆ ‘ಲುಕ್’ ಎಲ್ಲಿಂದ ಬಂತು ನೋಡೋಣ. ಎರಡನೇ ಮಹಾಯುದ್ಧದ ಜೀಪಿಗೆ ಮುಖದ ಸೌಂದರ್ಯದ ಚಿಂತೆ ಇರಲಿಲ್ಲ. ವಿಲ್ಲಿಸ್ ಕಂಪನಿ ಮೊದಮೊದಲು ಕಬ್ಬಿಣದ ಪಟ್ಟಿಗಳನ್ನು ಬೆಸೆದು ಜಾಲರಿ ಮಾಡುತ್ತಿತ್ತು. ಅದೇ ಜೀಪನ್ನು ತಯಾರಿಸಲು ಬಂದ ಫೋರ್ಡ್‌ನವರು ಒಂದೇ ತಗಡನ್ನು ಅಚ್ಚಿನಲ್ಲಿ ಒತ್ತಿ ಒಂಬತ್ತು ಸೀಳು ಕೊರೆದರು. ಖರ್ಚು ಕಡಿಮೆ, ಕೆಲಸ ಬೇಗ. ಯುದ್ಧ ಮುಗಿದು 1945ರಲ್ಲಿ ನಾಗರಿಕರಿಗೆಂದು ಸಿಜೆ-2ಎ ಬಂದಾಗ ದೀಪಗಳು ದೊಡ್ಡವಾದವು, ಸೀಳು ಏಳಕ್ಕಿಳಿದವು. ಇವತ್ತು ಲಾಂಛನದ ಹಾಗೆ ಪೂಜೆಗೊಳ್ಳುವ ಏಳು ಸೀಳುಗಳ ಹುಟ್ಟು ಇಷ್ಟೇ. 1953ರ ಸಿಜೆ-3ಬಿಯ ಕಥೆ ಇನ್ನೂ ಸೊಗಸು. ಹೊಸ ಎಂಜಿನ್ ಎತ್ತರವಾಗಿ ಹಳೆಯ ಬಾನೆಟ್ಟಿನೊಳಗೆ ಕೂರಲಿಲ್ಲ. ಹಾಗಾಗಿ ಬಾನೆಟ್ಟನ್ನೇ ಎತ್ತರಿಸಿದರು, ಮೋರೆ ಉದ್ದವಾಯಿತು. ಮಹೀಂದ್ರ ಕಂಪನಿ ಭಾರತದಲ್ಲಿ ದಶಕಗಟ್ಟಲೆ ಮಾಡಿದ್ದು ಈ ಉದ್ದ ಮೋರೆಯ ಜೀಪನ್ನೇ. ನಮ್ಮ ತಹಶೀಲ್ದಾರ ಕಚೇರಿಗಳ ಮುಂದೆ, ಠಾಣೆಗಳ ಮುಂದೆ, ನೀರಾವರಿ ಕಾಲೋನಿಗಳ ಬೇವಿನ ಮರದಡಿ ನಿಂತಿರುತ್ತಿದ್ದುದು ಅದೇ ಮೋರೆಯ ಜೀಪು.

ಆಕಾರ ಭಾರದಿಂದ ಹುಟ್ಟುತ್ತದೆ ಎಂಬುದಕ್ಕೆ ನಮ್ಮ ಜಿಲ್ಲೆಯಲ್ಲಿ ಇದಕ್ಕಿಂತ ಹಳೆಯ ಸಾಕ್ಷಿ ಇದೆ. ಕಾಕತೀಯರ ಕಾಲದಲ್ಲಿ, 1294ರಲ್ಲಿ ಕಟ್ಟಿದ ರಾಯಚೂರು ಕೋಟೆಯ ಗೋಡೆಯಲ್ಲಿ 40 ಅಡಿಗಿಂತ ಉದ್ದದ ಒಂದು ಶಾಸನದ ಕಲ್ಲಿದೆ. ಆ ಕಲ್ಲನ್ನು ಬಂಡಿಯ ಮೇಲೆ ಹೇರಿ ಕೋಣಗಳ ಸಾಲು ಎಳೆದು ತರುತ್ತಿರುವ ಚಿತ್ರವನ್ನೂ ಗೋಡೆಯಲ್ಲೇ ಕೊರೆದಿದ್ದಾರೆ. ಕೊರೆದವನ ಕಣ್ಣು ಬಂಡಿಯ ಅಂದಚಂದದ ಮೇಲಿಲ್ಲ. ಕಲ್ಲು ಎಷ್ಟು ಉದ್ದ, ಎಳೆಯಲು ಎಷ್ಟು ಕೋಣ ಬೇಕಾದವು, ಅದನ್ನು ತೋರಿಸುವುದೇ ಅವನ ಹೆಮ್ಮೆ. ವಾಹನದ ಚಿತ್ರ ಬರೆಯುವವರಿಗೆಲ್ಲ ಅದನ್ನೊಮ್ಮೆ ತೋರಿಸಬೇಕು ಅನ್ನಿಸುತ್ತದೆ.

2020ರ ಆಗಸ್ಟ್ 15ರಂದು ಅನಾವರಣಗೊಂಡು ಗಾಂಧಿ ಜಯಂತಿಯಂದು ಮಾರುಕಟ್ಟೆಗೆ ಬಂದ ಥಾರ್, ಆಕಾರ ಕೆಲಸದಿಂದ ಹುಟ್ಟಿದೆಯೇ ಎಂಬ ಈ ಪರೀಕ್ಷೆಯಲ್ಲಿ ಅರ್ಧ ಪಾಸು, ಅರ್ಧ ಫೇಲು. ಪಾಸಾದದ್ದನ್ನು ಮೊದಲು ಹೇಳುತ್ತೇನೆ. ಒಳನೆಲದಲ್ಲಿ ನೀರು ಹೊರಬಿಡಲು ತೂತುಗಳಿವೆ, ಅವಕ್ಕೆ ಬಿರಡೆಗಳಿವೆ. ಎರೆಹೊಲದ ಕೆಸರು ಮೆತ್ತಿಕೊಂಡ ಕಾಲಲ್ಲಿ ಹತ್ತಿದವನು ಸಂಜೆ ಪೈಪು ಹಿಡಿದು ತೊಳೆಯಬಹುದು. ಮಳೆ ಬಿದ್ದ ಮೇಲೆ ಮಾನ್ವಿ ಸೀಮೆಯ ಕರಿಮಣ್ಣಿನ ದಾರಿಗೆ ಇಳಿದವರಿಗೆ ನಾಲ್ಕೂ ಗಾಲಿ ಎಳೆಯುವ ಗಾಡಿಯ ಬೆಲೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಗ್ಲೋಬಲ್ ಎನ್‌ಕ್ಯಾಪ್ ಡಿಕ್ಕಿ ಪರೀಕ್ಷೆಯಲ್ಲಿ ನಾಲ್ಕು ನಕ್ಷತ್ರ ಬಂದಿವೆ, ಹಳೆಯ ಜೀಪಿನ ಕನಸಿನಲ್ಲೂ ಇರದಿದ್ದ ಮಾತು ಅದು. ಈ ಮಟ್ಟಿಗೆ ಥಾರ್ ಮೋರೆಯ ಜೊತೆಗೆ ಹಳೆಯ ಜೀಪಿನ ಕಸುಬನ್ನೂ ಉಳಿಸಿಕೊಂಡಿದೆ.

ಫೇಲಾದದ್ದು ಹಿಂಭಾಗದಲ್ಲಿ. ಹಳೆಯ ಜೀಪಿನ ಹಿಂದೆ ಎದುರುಬದರು ಎರಡು ಬೆಂಚು. ಹಿಂದಿನಿಂದಲೇ ಹತ್ತುವುದು, ಹಿಂದಿನಿಂದಲೇ ಇಳಿಯುವುದು. ಒಬ್ಬರ ತೊಡೆಯ ಮೇಲೆ ಮಗು, ಇನ್ನೊಬ್ಬರ ಕಾಲಡಿ ಬುಟ್ಟಿ, ಕೊನೆಗೆ ಬಂದವನು ಕಂಬಿ ಹಿಡಿದು ಜೋತುಬೀಳುವುದು. ಹೊಸ ಥಾರ್‌ನಲ್ಲಿ ಹಿಂದೆ ಮುಂಬದಿಗೆ ಮುಖ ಮಾಡಿದ ಎರಡೇ ಸೀಟು. ಅಲ್ಲಿಗೆ ಹೋಗಬೇಕಾದರೆ ಮುಂದಿನ ಸೀಟನ್ನು ಬಗ್ಗಿಸಿ, ಸರಿಸಿ, ಮೈ ಹಿಂಡಿಕೊಂಡು ತೂರಬೇಕು. ಸೀರೆಯುಟ್ಟ ಹೆಂಗಸು, ಮೊಣಕಾಲು ನೋವಿನ ಮುದುಕ ಹತ್ತುವಂತಿಲ್ಲ. ಜೋತುಬಿದ್ದು ಸಾಯುವುದಕ್ಕಿಂತ ಬೆಲ್ಟ್ ಕಟ್ಟಿ ಕೂರುವುದು ಮೇಲು, ಅದರಲ್ಲಿ ಎರಡು ಮಾತಿಲ್ಲ. ಆದರೆ ವಿನ್ಯಾಸಕಾರ ಯಾರ ನೆನಪನ್ನು ಆರಿಸಿಕೊಂಡ ಎಂಬುದು ಇಲ್ಲಿ ಬಯಲಾಗುತ್ತದೆ. ಸ್ಟೇರಿಂಗ್ ಹಿಡಿದವನ ಜೀಪು ಉಳಿಯಿತು, ಹಿಂದೆ ಕುಂತವರ ಜೀಪು ಹೋಯಿತು.

ಇಪ್ಪತ್ತೆರಡು ವರ್ಷದ ಹುಡುಗನಿಗೆ ಹಳೆಯ ಜೀಪಿನ ನೆನಪಿರಲು ಸಾಧ್ಯವೇ ಇಲ್ಲ, ಅವನು ಅದರಲ್ಲಿ ಕೂತಿಲ್ಲ. ಅವನಿಗೆ ಥಾರ್ ಇಷ್ಟವಾಗುವುದನ್ನು ಹಂಬಲ ಎಂದು ಕರೆಯುವ ಪತ್ರಿಕಾ ಬರಹಗಳು ನನಗೆ ಒಪ್ಪಿಗೆಯಾಗುವುದಿಲ್ಲ. ಅವನು ನೋಡುವುದು ಗತ್ತನ್ನು. ಆ ಗತ್ತು ಬಂದದ್ದಾದರೂ ಎಲ್ಲಿಂದ? ಊರಿಗೆ ಜೀಪು ಬಂತೆಂದರೆ ಸಾಹೇಬರು ಬಂದರು ಎಂದೇ ಲೆಕ್ಕ. ಪೊಲೀಸರು ಬಂದರು, ಸಾಲ ವಸೂಲಿಯವರು ಬಂದರು, ಇಲ್ಲವೇ ಗೌಡರ ಮನೆಯವರು ಬಂದರು. ಧೂಳೆಬ್ಬಿಸಿಕೊಂಡು ಬರುತ್ತಿದ್ದ ಆ ಮೋರೆ ಕಂಡು ಕಟ್ಟೆಯ ಮೇಲಿದ್ದವರು ಎದ್ದು ನಿಲ್ಲುತ್ತಿದ್ದರು, ಕೆಲವರು ಹಿತ್ತಲಿಗೆ ಜಾರುತ್ತಿದ್ದರು. ಎದ್ದು ನಿಂತವರ ಮೊಮ್ಮಗ ಇವತ್ತು ಎಡದಂಡೆ ಕಾಲುವೆಯ ಭತ್ತದ ದುಡ್ಡಿನಲ್ಲಿ ಅದೇ ಮೋರೆಯ ಗಾಡಿ ಕೊಂಡರೆ ಅದರಲ್ಲಿ ಒಂದು ನ್ಯಾಯವೂ ಇದೆ. ಸಾಹೇಬರ ಕುರ್ಚಿಯಲ್ಲಿ ತಾನು ಕೂತಂತಾಯಿತು. ತಮ್ಮನ ಮಾತನ್ನು ತೆಗೆದುಹಾಕುವಂತಿಲ್ಲ ಅಂದದ್ದು ಇದಕ್ಕೇ.

2024ರ ಆಗಸ್ಟ್ 15ಕ್ಕೆ ಬಂದ ಐದು ಬಾಗಿಲಿನ ಥಾರ್ ರಾಕ್ಸ್ ಬಗ್ಗೆ ಕಟ್ಟಾ ಜೀಪುಪ್ರಿಯರು ಮುಖ ಸಿಂಡರಿಸಿದರು. ಮೂರು ಬಾಗಿಲಿನ ಗಿಡ್ಡ ಮೈಕಟ್ಟು ಹೋಯಿತು, ಜಾಲರಿ ಬದಲಾಯಿತು, ಇದೇನು ಸಂಸಾರಸ್ಥರ ಗಾಡಿ ಎಂದರು. ನನ್ನ ತೀರ್ಪು ತಿರುವುಮುರುವು. ಹಿಂದಿನ ಬಾಗಿಲ ಹಿಡಿಯನ್ನು ಕಂಬದಲ್ಲಿ ನೆಟ್ಟಗೆ ಅಡಗಿಸಿಟ್ಟ ಚಮತ್ಕಾರ ನನಗೆ ಹಿಡಿಸದು, ಮಕ್ಕಳ ಕೈಗೆ ಅದು ಎಟುಕುವುದೂ ಕಷ್ಟ. ತ್ರಿಕೋನದ ಕಿಟಕಿಯೂ ಬರೀ ಒಯ್ಯಾರ. ಆದರೆ ಜೀಪು ಎಂದರೆ ಮಂದಿಯನ್ನು ಹೊರುವ ಗಾಡಿ ಎಂಬ ಹಳೆಯ ಅರ್ಥಕ್ಕೆ ರಾಕ್ಸ್ ಮೂರು ಬಾಗಿಲಿನದಕ್ಕಿಂತ ಹತ್ತಿರ. ಮೋರೆಗೆ ಕಡಿಮೆ ನಿಷ್ಠೆ, ಕೆಲಸಕ್ಕೆ ಹೆಚ್ಚು ನಿಷ್ಠೆ.

ಮೋರೆಯ ಒಡೆತನ ಯಾರದು ಎಂಬ ತಕರಾರೂ ಒಂದಿತ್ತು. ಮಹೀಂದ್ರ ಅಮೆರಿಕದಲ್ಲಿ ರಾಕ್ಸರ್ ಎಂಬ ಹೊಲದ ಗಾಡಿ ಮಾರಲು ಹೊರಟಾಗ ಜೀಪ್ ಹೆಸರಿನ ಒಡೆತನವಿದ್ದ ಫಿಯೆಟ್ ಕ್ರೈಸ್ಲರ್ 2018ರಲ್ಲಿ ಅಲ್ಲಿನ ಅಂತರರಾಷ್ಟ್ರೀಯ ವ್ಯಾಪಾರ ಆಯೋಗಕ್ಕೆ ದೂರು ಕೊಟ್ಟಿತು. 2020ರಲ್ಲಿ ಆಯೋಗ ದೂರುದಾರರ ಪರ ನಿಂತಿತು, ಮಹೀಂದ್ರ ಮೋರೆ ತಿದ್ದಿಕೊಂಡು ಪಾರಾಯಿತು. ಖರ್ಚು ಉಳಿಸಲು ತಗಡಿಗೆ ಕೊರೆದ ಸೀಳುಗಳಿಗಾಗಿ ಇಷ್ಟು ವಕೀಲರು!

ಟಾಟಾ ಸಿಯೆರಾ ವಿಷಯಕ್ಕೆ ಬಂದರೆ ರಾಯಚೂರಿನ ಬಿಸಿಲೇ ವಿಮರ್ಶಕ. 1991ರ ಸಿಯೆರಾದ ಹಿಂದಿನ ಪಕ್ಕದಲ್ಲಿ ಛಾವಣಿಗೆ ಬಾಗಿ ಏರುವ ದೊಡ್ಡ ಗಾಜು, ತೆರೆಯಲು ಬರುವಂಥದ್ದಲ್ಲ. ಮಾರ್ಗದ ಗುಡ್ಡ, ಮೋಡ ನೋಡುತ್ತ ಹೋಗುವವರಿಗೆ ಚೆಂದ. ಏಪ್ರಿಲ್ ಮಧ್ಯಾಹ್ನ ದೇವದುರ್ಗದ ಕಡೆ ಹೊರಟವರು ಆ ಗಾಜಿನಡಿ ಕೂತು ನೋಡಬೇಕು. 2025ರ ನವೆಂಬರಿನಲ್ಲಿ ಮರಳಿ ಬಂದ ಸಿಯೆರಾ ಆ ಗಾಜನ್ನು ನಿಜವಾಗಿ ಬಾಗಿಸಲಿಲ್ಲ. ಕಿಟಕಿಯ ಮೇಲಿನ ಭಾಗಕ್ಕೆ ಹೊಳೆಯುವ ಕಪ್ಪು ಬಳಿದು, ದೂರದಿಂದ ಗಾಜು ಬಾಗಿದಂತೆ ಕಾಣುವ ಹಾಗೆ ಮಾಡಿತು. ಇದನ್ನು ಮೋಸ ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಹಳೆಯ ಗಾಡಿಯ ದೋಷವನ್ನು ಬಿಟ್ಟು ಗುರುತನ್ನು ಮಾತ್ರ ಇಟ್ಟುಕೊಂಡದ್ದು ಜಾಣತನವೇ. ಬಾಗಿಲುಗಳನ್ನು ಹೆಚ್ಚಿಸಿದ್ದೂ ಸರಿ. ಆದರೆ ಬಿಸಿಲನ್ನು ಪಕ್ಕದಿಂದ ತಡೆದವರು ಮೇಲಿನಿಂದ ಕರೆದಿದ್ದಾರೆ: ಛಾವಣಿಯಲ್ಲಿ ಉದ್ದಕ್ಕೂ ಗಾಜಿನ ಸನ್‌ರೂಫ್. ನಮ್ಮ ಕಡೆ ಅದನ್ನು ತೆರೆದು ಆಕಾಶ ನೋಡುವ ಭಾಗ್ಯ ವರ್ಷಕ್ಕೆ ಎಷ್ಟು ಸಂಜೆ ಸಿಕ್ಕೀತು?

ಕನ್ನಡ ನಾಡಿನದೇ ಆದ ನೆನಪೊಂದು ಈ ಪಟ್ಟಿಯಲ್ಲಿದೆ, ಅದು ಎರಡು ಗಾಲಿಯದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಜಾವಾ ಹೆಸರು 2018ರ ನವೆಂಬರಿನಲ್ಲಿ ಬೇರೆ ಕಂಪನಿಯ ಕೈಯಲ್ಲಿ ಮರಳಿತು. ಹಳೆಯ ಗಾಡಿಯಲ್ಲಿ ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್, ಹೊಸದರಲ್ಲೂ ಅದೇ ಜೋಡಿ. ಟ್ಯಾಂಕಿನ ಕ್ರೋಮು, ಆ ಮರೂನ್ ಬಣ್ಣ, ಎಲ್ಲವೂ ಕಣ್ಣಿಗೆ ಸರಿ. ಆದರೆ ಟೂ ಸ್ಟ್ರೋಕ್ ಎಂಜಿನ್ನಿನ ಸದ್ದು, ಆ ಆಯಿಲ್ ಹೊಗೆಯ ವಾಸನೆ ಈ ಕಾಲದ ಕಾನೂನಿನಡಿ ಬರುವಂತಿಲ್ಲ. ಮೈಸೂರಿನ ಹಳಬರಿಗೆ ಜಾವಾ ಎಂದರೆ ಕಿವಿಯ ನೆನಪು, ಕಂಪನಿ ಕೊಟ್ಟದ್ದು ಕಣ್ಣಿಗೆ. ಇದರಲ್ಲಿ ಯಾರ ತಪ್ಪೂ ಇಲ್ಲ, ಆದರೂ ಹೊಂದಿಕೆಯಾಗಲಿಲ್ಲ ಎಂದು ಹೇಳದೆ ವಿಧಿಯಿಲ್ಲ.

ಹೊರಗಿನವರಲ್ಲಿ ಎರಡು ಎಚ್ಚರಿಕೆಯ ಉದಾಹರಣೆ ಸಾಕು. ಫೋಕ್ಸ್‌ವ್ಯಾಗನ್ ಬೀಟಲ್‌ನ ಗುಂಡನೆಯ ಮೈ ಅದರ ಎಂಜಿನ್ ಹಿಂದೆ ಇದ್ದುದಕ್ಕೆ ಹೊಂದಿಕೊಂಡದ್ದು. 1990ರ ದಶಕದ ಕೊನೆಯಲ್ಲಿ ಬಂದ ನ್ಯೂ ಬೀಟಲ್‌ನಲ್ಲಿ ಎಂಜಿನ್ ಮುಂದಕ್ಕೆ ಬಂತು, ಗುಂಡು ಮಾತ್ರ ಉಳಿಯಿತು. ಪರಿಣಾಮ, ಚಾಲಕನ ಮುಂದೆ ಕೈಗೆ ಸಿಗದಷ್ಟು ಆಳದ ಡ್ಯಾಶ್‌ಬೋರ್ಡು, ಹಿಂದೆ ತಲೆ ತಾಗುವ ಛಾವಣಿ. ಆ ಡ್ಯಾಶ್‌ಬೋರ್ಡಿನಲ್ಲಿ ಒಂದು ಹೂದಾನಿಯನ್ನೂ ಇಟ್ಟಿದ್ದರು. ಹೊಸ ಮಿನಿಯದು ಇನ್ನೊಂದು ಬಗೆ. 1959ರ ಮಿನಿ ಸುಮಾರು ಹತ್ತು ಅಡಿಯಲ್ಲಿ ನಾಲ್ವರನ್ನು ಕೂರಿಸಿ ಪೆಟ್ರೋಲ್ ಉಳಿಸಲು ಹುಟ್ಟಿದ್ದು. 2001ರಿಂದ ಬಿಎಂಡಬ್ಲ್ಯೂ ಮಾಡುತ್ತಿರುವ ಮಿನಿ ತಲೆಮಾರಿನಿಂದ ತಲೆಮಾರಿಗೆ ಹಿಗ್ಗುತ್ತಲೇ ಇದೆ. ಚಿಕ್ಕದಾಗಿರುವುದನ್ನು ಬಿಟ್ಟು ಮಿಕ್ಕೆಲ್ಲವನ್ನೂ ಉಳಿಸಿಕೊಂಡರು.

ಹಾಗೆಂದು ಹಳೆಯದನ್ನು ನೋಡಿ ಹೊಸದು ಮಾಡುವುದೇ ಸೋಮಾರಿತನ ಎನ್ನುವ ಪಂಥಕ್ಕೂ ನಾನು ಸೇರಲಾರೆ. ಗಾಳಿಸುರಂಗದಲ್ಲಿ ಉಜ್ಜಿ ಉಜ್ಜಿ ಒಂದೇ ಅಚ್ಚಿನ ಹಾಗಾಗಿರುವ ಕಾರುಗಳ ಸಾಲಿನಲ್ಲಿ ನಿಮ್ಮದು ಯಾವುದೆಂದು ಹುಡುಕುವುದೇ ಕಷ್ಟ. ನೆಟ್ಟನೆಯ ಗಾಜು, ಚಪ್ಪಟೆ ಮಡ್‌ಗಾರ್ಡ್ ಡೀಸೆಲನ್ನು ಸ್ವಲ್ಪ ಹೆಚ್ಚು ಕುಡಿದರೂ ಬಾನೆಟ್ಟಿನ ನಾಲ್ಕು ಮೂಲೆ ಚಾಲಕನಿಗೆ ಕಾಣುತ್ತವೆ. ಬದುವಿನ ಮೇಲೆ ಗಾಡಿ ತಿರುಗಿಸುವವನಿಗೆ ಅದು ದೊಡ್ಡ ಉಪಕಾರ.

ಇದೆಲ್ಲದರ ನಡುವೆ ನನಗೆ ಕುತೂಹಲ ಇರುವುದು ಬೊಲೆರೋ ಬಗ್ಗೆ. ಅದು ಇನ್ನೂ ನಡೆಯುತ್ತಿರುವುದರಿಂದ ಯಾರಿಗೂ ಅದರ ಹಂಬಲವಿಲ್ಲ. ಒಂದು ದಿನ ಅದೂ ನಿಲ್ಲುತ್ತದೆ. ಆಮೇಲೆ ಇಪ್ಪತ್ತು ವರ್ಷಕ್ಕೆ ಯಾರೋ ವಿನ್ಯಾಸಕಾರರು ಹಳೆಯ ಫೋಟೋ ಹರವಿಕೊಂಡು ‘ಬೊಲೆರೋ ಮರಳಿ ಬಂತು’ ಎಂದು ಚಿತ್ರ ಬರೆಯುತ್ತಾರೆ. ಅವರು ಜಾಲರಿಯನ್ನು, ಬಾನೆಟ್ಟನ್ನು, ಹಿಂದೆ ತೂಗುವ ಸ್ಟೆಪ್ನಿಯನ್ನು ಖಂಡಿತ ಉಳಿಸುತ್ತಾರೆ, ಅವು ಫೋಟೋದಲ್ಲಿ ಚೆನ್ನಾಗಿ ಕಾಣುತ್ತವೆ. ಹಿಂಬಾಗಿಲು ತೆಗೆದರೆ ಎದುರುಬದರು ಕಾಣುವ ಆ ಎರಡು ಮಡಚುವ ಸೀಟುಗಳನ್ನು ಉಳಿಸುತ್ತಾರೆಯೇ? ಗೊಬ್ಬರದ ಚೀಲ ಹಾಕುವಾಗ ಅವು ಮೇಲೇಳುತ್ತವೆ, ಆಸ್ಪತ್ರೆಗೆ ಹೊರಟಾಗ ಕೆಳಗಿಳಿಯುತ್ತವೆ. ಯಾವ ಜಾಹೀರಾತಿನಲ್ಲೂ ಅವುಗಳ ಚಿತ್ರ ನಾನು ನೋಡಿಲ್ಲ.