ಬೆವರಿಗೆ ಮಡಿಯಿಲ್ಲ, ನಾಯಕತ್ವಕ್ಕೆ ಮಡಿ

ಕ್ರೀಡೆಯಲ್ಲಿ ವರ್ಣಭೇದವೆಂದೊಡನೆ ನಮಗೆ ದಕ್ಷಿಣ ಆಫ್ರಿಕದ ನೆನಪಾಗುತ್ತದೆ. 1964ರ ಟೋಕಿಯೊ ಒಲಿಂಪಿಕ್ಸಿನಿಂದ ಆ ದೇಶವನ್ನು ಹೊರಗಿಟ್ಟುದು, ಇಂಗ್ಲೆಂಡಿನ ಜನ ಬೀದಿಗಿಳಿದು ಪ್ರತಿಭಟಿಸಿದ ಮೇಲೆ 1970ರ ಅದರ ಕ್ರಿಕೆಟ್ ಪ್ರವಾಸ ರದ್ದಾದುದು, 1974ರಲ್ಲಿ ಡೇವಿಸ್ ಕಪ್ ಟೆನಿಸ್ಸಿನ ಅಂತಿಮ ಘಟ್ಟ ಮುಟ್ಟಿದ್ದ ಭಾರತ, ದಕ್ಷಿಣ ಆಫ್ರಿಕದೊಡನೆ ಆಡಲೊಲ್ಲೆನೆಂದು ಕಪ್ಪನ್ನೇ ಬಿಟ್ಟುಕೊಟ್ಟುದು, ಇವೆಲ್ಲ ನಾವು ಅಭಿಮಾನದಿಂದ ಹೇಳಿಕೊಳ್ಳುವ ಸಂಗತಿಗಳು. ಅಭಿಮಾನ ಸಲ್ಲತಕ್ಕದ್ದೇ. ಆದರೆ ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಯನ್ನು ಇಲ್ಲಿ ತಿರುಗಿಸಿ ಹೇಳಬೇಕಾಗುತ್ತದೆ. ದೂರದ ಬೆಟ್ಟದ ಕೊರಕಲೆಲ್ಲ ನಮಗೆ ಚೆನ್ನಾಗಿ ಕಾಣುತ್ತದೆ. ಕಾಲಡಿಯ ಕಲ್ಲು ಮಾತ್ರ ಕಾಣುವುದಿಲ್ಲ.

ಕಾಲಡಿಯ ಆ ಕಲ್ಲನ್ನು ತೋರಿಸಿಕೊಟ್ಟ ಗ್ರಂಥ ಶ್ರೀ ರಾಮಚಂದ್ರ ಗುಹಾ ಅವರ 'ಎ ಕಾರ್ನರ್ ಆಫ್ ಎ ಫಾರಿನ್ ಫೀಲ್ಡ್'. 2002ರಲ್ಲಿ ಪ್ರಕಟವಾದ ಈ ಇಂಗ್ಲಿಷ್ ಪುಸ್ತಕ ನಮ್ಮ ದೇಶದ ಕ್ರಿಕೆಟ್ಟಿನ ಸಾಮಾಜಿಕ ಚರಿತ್ರೆ. ಬರಿಯ ಓಟಗಳ ಲೆಕ್ಕವನ್ನರಸಿ ಇದನ್ನು ತೆರೆದವರಿಗೆ ನಿರಾಶೆಯಾದೀತು. ಇದರ ಹೃದಯಭಾಗದಲ್ಲಿರುವವರು ಧಾರವಾಡದಲ್ಲಿ ಹುಟ್ಟಿದ ಪಾಲ್ವಂಕರ್ ಬಾಲೂ. ಅಸ್ಪೃಶ್ಯವೆನಿಸಿದ ಚರ್ಮಕಾರ ಕುಲದವರು. ಎಡಗೈಯಿಂದ ಚೆಂಡು ತಿರುಗಿಸುವುದರಲ್ಲಿ ಆ ಕಾಲದ ಅಗ್ರಗಣ್ಯರು.

ಬಾಲೂ ಪುಣೆಯ ಯೂರೋಪಿಯನ್ನರ ಕ್ಲಬ್ಬಿನಲ್ಲಿ ನಾಲ್ಕು ಕಾಸಿನ ಸಂಬಳಕ್ಕೆ ನೆಲ ಉರುಳೆಯೆಳೆದು, ಸಾಹೇಬರ ಅಭ್ಯಾಸಕ್ಕಾಗಿ ದಿನವೂ ಚೆಂಡೆಸೆದು ವಿದ್ಯೆ ಕಲಿತರು. ಚೆಂಡೆಸೆತ ಅಲ್ಲಿ ಆಳಿನ ದುಡಿಮೆ. ದಾಂಡು ಹಿಡಿಯುವುದು ದೊರೆಗಳ ಭೋಗ. ಮುಂದೆ ಬಿಳಿಯರನ್ನು ಸೋಲಿಸಬೇಕೆಂಬ ಹಟದಿಂದ ಹಿಂದೂ ಕ್ಲಬ್ಬಿನವರು ಅವರನ್ನು ಸೇರಿಸಿಕೊಂಡರು. ಅಂಕಣದಲ್ಲಿ ಬಾಲೂ ಮುಟ್ಟಿದ ಚೆಂಡನ್ನು ಬ್ರಾಹ್ಮಣರೂ ಮುಟ್ಟುತ್ತಿದ್ದರು. ಚಹದ ವೇಳೆ ಬಂದಿತೆಂದರೆ ಇತರರು ಒಳಗೆ, ಬಾಲೂ ಹೊರಗೆ. ಇತರರಿಗೆ ಪಿಂಗಾಣಿ ಬಟ್ಟಲು, ಬಾಲೂಗೆ ಕುಡಿದು ಎಸೆಯುವ ಮಣ್ಣಿನ ಕುಡಿಕೆ.

ಈ ಕುಡಿಕೆಯ ವೃತ್ತಾಂತವನ್ನು ಗುಹಾ ಅವರು ಕಣ್ಣೀರು ತರಿಸುವ ಹವಣಿಕೆಯಿಂದ ಬರೆದಿಲ್ಲ. ಸಂಗತಿಯನ್ನು ಸಂಗತಿಯಾಗಿಯೇ ಇಟ್ಟು ಮುಂದೆ ಸಾಗುತ್ತಾರೆ. ಅದೇ ಅವರ ಬರವಣಿಗೆಯ ಬಲ. 1906ರಲ್ಲಿ ಬೊಂಬಾಯಿಯ ಹಿಂದೂಗಳು ಯೂರೋಪಿಯನ್ನರನ್ನು 109 ಓಟಗಳಿಂದ ಸೋಲಿಸಿದಾಗ ಬಾಲೂ ಆ ತಂಡದಲ್ಲಿದ್ದರು. 1911ರಲ್ಲಿ ಪಟಿಯಾಲದ ಮಹಾರಾಜರ ನಾಯಕತ್ವದಲ್ಲಿ ಇಂಗ್ಲೆಂಡಿಗೆ ಹೋದ ಭಾರತ ತಂಡದ ಪರವಾಗಿ ನೂರಕ್ಕೂ ಹೆಚ್ಚು ಹುದ್ದರಿಗಳನ್ನು ಉರುಳಿಸಿದರು. ಇಷ್ಟಾದರೂ ಹಿಂದೂ ತಂಡದ ನಾಯಕತ್ವ ಮಾತ್ರ ಅವರಿಗೆ ಒಲಿಯಲಿಲ್ಲ.

ಗ್ರಂಥದ ಅತ್ಯಂತ ಮುಖ್ಯವಾದ ಪುಟಗಳು 1920ಕ್ಕೆ ಸೇರಿದವು. ಆ ವರ್ಷ ಬೊಂಬಾಯಿಯ ಪಂದ್ಯಾವಳಿಯಲ್ಲಿ ಬಾಲೂ ಅವರನ್ನು ತಂಡದಿಂದಲೇ ಕೈಬಿಡಲಾಯಿತು. ನಾಯಕ ಎಂ.ಡಿ. ಪೈ ಮೊದಲ ಪಂದ್ಯಕ್ಕೆ ಬಾರದಿದ್ದಾಗ, ಬಾಲೂ ಅವರ ತಮ್ಮ ವಿಠ್ಠಲರ ಹಿರಿತನವನ್ನು ಗಣಿಸದೆ ಡಿ.ಬಿ. ದೇವಧರರಿಗೆ ಪಟ್ಟ ಕಟ್ಟಲಾಯಿತು. ವಿಠ್ಠಲ್ ಮತ್ತು ಶಿವರಾಂ ಸಹೋದರರಿಬ್ಬರೂ ಬಹಿರಂಗ ಹೇಳಿಕೆ ಕೊಟ್ಟು ತಂಡದಿಂದ ಹೊರಬಂದರು. ಅವರಿಗೆ ಹಿಂದೆ ಸರ್ಕಾರದ ಬೆಂಬಲವಿರಲಿಲ್ಲ, ಮುಂದೆ ಮತ್ತೆ ಕರೆಯುವರೆಂಬ ಭರವಸೆಯೂ ಇರಲಿಲ್ಲ. ಆದರೂ ಸಮಿತಿ ಬಾಗಬೇಕಾಯಿತು. ಅಂತಿಮ ಪಂದ್ಯಕ್ಕೆ ಸಹೋದರರು ಮರಳಿದರು, ಬಾಲೂ ಉಪನಾಯಕರಾದರು. 1923ರಲ್ಲಿ ವಿಠ್ಠಲರೇ ನಾಯಕರಾಗಿ ಹಿಂದೂಗಳಿಗೆ ಜಯ ತಂದರು.

ಇಲ್ಲಿ ಗ್ರಂಥಕರ್ತರೊಡನೆ ಒಂದು ಮಾತಿನ ಭಿನ್ನಾಭಿಪ್ರಾಯ ಅನಿವಾರ್ಯ. ಈ ಬದಲಾವಣೆಗೆ ಗಾಂಧೀಯುಗದ ಗಾಳಿ ಕಾರಣವೆಂಬ ಭಾವ ಅವರ ನಿರೂಪಣೆಯಲ್ಲಿ ಬಲವಾಗಿದೆ. ಗಾಳಿ ಬೀಸಿದ್ದು ನಿಜ. ಆದರೆ ಗಾಳಿ ಬೀಸುವ ಮೊದಲೇ ಪಟವೇರಿಸಿ ದೋಣಿಯನ್ನು ನೀರಿಗಿಳಿಸಿದವರು ಆ ಸಹೋದರರು. ತಾವು ಕಳೆದುಕೊಳ್ಳಬಹುದಾದುದನ್ನು ಪಣವಾಗಿಟ್ಟ ಆಟಗಾರನ ಪ್ರತಿಭಟನೆಗೆ ಮೊದಲ ಮಣೆ ಸಲ್ಲಬೇಕು, ಕಾಲಧರ್ಮಕ್ಕೆ ಎರಡನೆಯದು.

ಮತ್ತೊಂದು ಕೊರತೆಯುಂಟು. ಬಾಲೂ ಏನು ಆಡಿದರೆಂಬುದು ಈ ಪುಸ್ತಕದಿಂದ ತಿಳಿಯುತ್ತದೆ, ಏನನ್ನು ಅನುಭವಿಸಿದರೆಂಬುದು ಅಷ್ಟಾಗಿ ತಿಳಿಯುವುದಿಲ್ಲ. ಇದನ್ನು ಅರಿಯಲು ಟ್ರಿನಿಡಾಡಿನ ಸಿ.ಎಲ್.ಆರ್. ಜೇಮ್ಸ್ 1963ರಲ್ಲಿ ಪ್ರಕಟಿಸಿದ 'ಬಿಯಾಂಡ್ ಎ ಬೌಂಡರಿ'ಯನ್ನು ಪಕ್ಕದಲ್ಲಿಟ್ಟು ಓದಬೇಕು. ವೆಸ್ಟ್ ಇಂಡೀಸಿನಲ್ಲಿ ಚೆಂಡೆಸೆಯುವ ಕರಿಯರಿಗೂ ದಾಂಡಿಗರಾದ ಕರಿಯರಿಗೂ ಬರವಿರಲಿಲ್ಲ. ಇಡೀ ಸರಣಿಯ ನಾಯಕತ್ವ ಮಾತ್ರ ಅವರ ಕೈ ಸೇರುತ್ತಿರಲಿಲ್ಲ. ಪತ್ರಿಕಾ ಸಂಪಾದಕರಾಗಿದ್ದ ಜೇಮ್ಸ್ ಈ ಅನ್ಯಾಯದ ವಿರುದ್ಧ ಚಳವಳಿಯನ್ನೇ ಹೂಡಿದರು. 1960-61ರ ಆಸ್ಟ್ರೇಲಿಯ ಪ್ರವಾಸಕ್ಕೆ ಫ್ರಾಂಕ್ ವೊರೆಲ್ ನಾಯಕರಾದರು. ಬಣ್ಣಕ್ಕೊಂದು ಕ್ಲಬ್ಬಿದ್ದ ಊರಿನಲ್ಲಿ ತಾವು ತಮಗಿಂತ ತೆಳುಬಣ್ಣದವರ ಕ್ಲಬ್ಬನ್ನೇ ಆರಿಸಿಕೊಂಡ ಬಗೆಯನ್ನೂ ಜೇಮ್ಸ್ ಮರೆಮಾಚದೆ ಬರೆದಿದ್ದಾರೆ. ಗುಹಾ ಅವರದು ದಫ್ತರಗಳನ್ನು ಶೋಧಿಸಿದ ಚರಿತ್ರಕಾರನ ನ್ಯಾಯ. ಜೇಮ್ಸರದು ಬೇನೆಯನ್ನು ಒಳಗಿನಿಂದ ಬಲ್ಲವನ ಮಾತು.

ಎರಡು ಪುಸ್ತಕಗಳನ್ನೂ ಓದಿ ಮುಗಿಸಿದಾಗ ಒಂದು ತತ್ತ್ವ ಸ್ಪಷ್ಟವಾಗುತ್ತದೆ. ಭೇದವೆಣಿಸುವ ಸಮಾಜ ಕೆಳಗಿನವನ ಬೆವರನ್ನು ಎಂದೂ ಬೇಡವೆನ್ನುವುದಿಲ್ಲ. ಚೆಂಡೆಸೆಯಲಿ, ಗೆಲ್ಲಿಸಲಿ, ಚಪ್ಪಾಳೆಯನ್ನೂ ಪಡೆಯಲಿ; ಆಜ್ಞೆ ಮಾಡುವ ಸ್ಥಾನವನ್ನು ಮಾತ್ರ ಕೇಳದಿರಲಿ. ಆದ್ದರಿಂದ ಅಂಕಣದೊಳಗೆ ಎಲ್ಲರೂ ಒಂದೇ ಎಂಬ ಮಾತು ಅರ್ಧಸತ್ಯ. ಪಂಗಡವಾರು ತಂಡಗಳು ಆಡುತ್ತಿದ್ದ ಆ ಬೊಂಬಾಯಿ ಪಂದ್ಯಾವಳಿ 1946ರ ತರುವಾಯ ನಿಂತುಹೋಯಿತು. ದಕ್ಷಿಣ ಆಫ್ರಿಕ 1991ರಲ್ಲಿ ಕಲ್ಕತ್ತೆಗೇ ಬಂದು ಆಡಿತು. ಚಹದ ಬಟ್ಟಲಿನ ಪ್ರಶ್ನೆ ಮಾತ್ರ ಊರೂರಿನಲ್ಲೂ ಪ್ರತ್ಯೇಕವಾಗಿ ಬಗೆಹರಿಯಬೇಕಾದದ್ದು.

ನಮ್ಮ ದುರ್ಗದ ಕ್ರೀಡಾಂಗಣಕ್ಕೆ ವೀರವನಿತೆ ಒನಕೆ ಓಬವ್ವನ ಹೆಸರಿದೆ. ಛಲವಾದಿ ಕುಲದವಳೆಂದು ಜನ ನೆನೆಯುವ, ಕೋಟೆಯ ಕಾವಲುಗಾರನೊಬ್ಬನ ಹೆಂಡತಿ ಅವಳು. ಹೆಸರಿಟ್ಟುದು ಉಚಿತವಾಗಿಯೇ ಇದೆ. ಆದರೆ ಒನಕೆ ಹಿಡಿದವಳನ್ನು ಕೊಂಡಾಡುವುದಕ್ಕಿಂತ ಅವಳ ಮಕ್ಕಳ ಮಕ್ಕಳಿಗೆ ತಂಡದ ಪಟ್ಟಿ ಬರೆಯುವ ಕುರ್ಚಿಯನ್ನು ಬಿಟ್ಟುಕೊಡುವುದು ಕಠಿಣ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಬಯಲುಗಳಲ್ಲಿ ಭಾನುವಾರ ಸೇರುವ ಹುಡುಗರ ತಂಡಗಳಿಗೂ ಈ ಮಾತು ಸಲ್ಲುತ್ತದೆ. ಹನ್ನೊಂದು ಮಂದಿಯಲ್ಲಿ ಯಾರು ಯಾರಿದ್ದಾರೆಂದು ನೋಡಿದರೆ ಸಾಲದು. ನಾಯಕನಾರು, ಆಟ ಮುಗಿದ ಮೇಲೆ ಯಾರ ಮನೆಯೊಳಗೆ ಯಾರು ಕುಳಿತು ಕಾಫಿ ಕುಡಿಯುತ್ತಾರೆ ಎಂಬುದನ್ನೂ ನೋಡಬೇಕು. ಬಾಲೂ ಸಹೋದರರ ಕಥೆ ಆ ಹುಡುಗರ ಕೈಗೆ ಸರಳವಾದ ಕನ್ನಡದಲ್ಲಿ ಸಿಗಬೇಕು. ಧಾರವಾಡದ ಮಣ್ಣಿನಲ್ಲಿ ಹುಟ್ಟಿದವರಿಗೆ ನಾವು ಸಲ್ಲಿಸಬೇಕಾದ ಸಾಲ ಅಷ್ಟಾದರೂ ತೀರಲಿ.