ಕೊಲ್ಹಾಪುರಿ ಚಪ್ಪಲಿ: ಮೊಳೆಯಿಲ್ಲದ ಕುಸುರಿ

ಕೊಲ್ಹಾಪುರದ ಹೆಸರನ್ನು ಹೊತ್ತಿದ್ದರೂ ಅಥಣಿ, ನಿಪ್ಪಾಣಿ ಮೊದಲಾದ ಗಡಿನಾಡಿನ ಊರುಗಳ ಕುಶಲಕರ್ಮಿಗಳ ಕೈಯಲ್ಲೂ ಅಷ್ಟೇ ಸೊಗಸಾಗಿ ರೂಪುಗೊಳ್ಳುವ ಈ ಚಪ್ಪಲಿಗೆ, ಕರ್ನಾಟಕದ ನಾಲ್ಕು ಹಾಗೂ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳನ್ನು ಒಳಗೊಂಡಂತೆ, 2019ರಲ್ಲಿ ಭೌಗೋಳಿಕ ಸೂಚಿಕೆ, ಎಂದರೆ ಒಂದು ವಸ್ತುವಿನ ಹೆಸರನ್ನು ಅದರ ನೆಲಕ್ಕೇ ಕಾಯ್ದಿರಿಸುವ ಕಾನೂನಿನ ಮಾನ್ಯತೆ, ದೊರೆತಿದೆ.

ಇದರ ಸೊಬಗು ತೊಗಲು ಹದ ಮಾಡುವಲ್ಲಿಯೇ ಆರಂಭವಾಗುತ್ತದೆ. ಜಾಲಿಯ ತೊಗಟೆ ಮತ್ತು ಅಳಲೆಕಾಯಿಯ ಒಗರು ರಸವನ್ನು ಹೀರಿದ ತೊಗಲು ಕೊಳೆಯದ ಚರ್ಮವಾಗಿ, ಬಣ್ಣ ಬಳಿಯದೆಯೇ ಜೇನಿನ ಛಾಯೆಗೆ ತಿರುಗುತ್ತದೆ. ಎಮ್ಮೆಯ ದಪ್ಪ ಚರ್ಮದಲ್ಲಿ ಅಟ್ಟೆಯನ್ನು, ಎಂದರೆ ತಳಭಾಗವನ್ನು, ಕತ್ತರಿಸಿ, ಅದರ ಪದರಗಳ ನಡುವೆ ‘ಕಿವಿ’ ಎನ್ನಬಹುದಾದ ಇಕ್ಕೆಲದ ಪಟ್ಟಿಗಳನ್ನು ಸೇರಿಸಿ, ಒಂದೂ ಮೊಳೆಯಿಲ್ಲದೆ ಚರ್ಮದ ಎಳೆಯಿಂದಲೇ ಹೊಲಿಯುವ ಕೈಗಳ ನಿಖರತೆ ಬೆರಗು ಹುಟ್ಟಿಸುವಂಥದ್ದು; ಮೇಲ್ಪಟ್ಟಿಯಲ್ಲಿ ಸಣ್ಣಗೆ ಸೀಳಿದ ಎಳೆಗಳು ಜಡೆಯಂತೆ ಹೆಣೆದುಕೊಳ್ಳುತ್ತವೆ.

ಹೊಸತರಲ್ಲಿ ಬಿರುಸಾಗಿದ್ದು ಕಾಲನ್ನು ಕಚ್ಚುವ ಈ ಚಪ್ಪಲಿ, ಎಣ್ಣೆ ಸವರಿ ಕೆಲವು ದಿನ ಮೆಟ್ಟಿದರೆ ಅಂಗಾಲಿನ ಉಬ್ಬುತಗ್ಗುಗಳನ್ನೇ ಅಚ್ಚೊತ್ತಿಕೊಂಡು ಮೆಟ್ಟುವವರ ಪಾದಕ್ಕೆ ಒಗ್ಗುತ್ತದೆ. ನೀರು ಕುಡಿದ ಚರ್ಮ ಉಬ್ಬಿ ಹೊಲಿಗೆ ಸಡಿಲವಾಗುವುದರಿಂದ ಮಳೆಗಾಲದ ಕೆಸರಿಗೆ ರಬ್ಬರಿನ ಪಾದರಕ್ಷೆಯೇ ಲೇಸಾದರೂ, ಬಯಲುಸೀಮೆಯ ಸುಡುಬೇಸಿಗೆಯಲ್ಲಿ ಪಾದಕ್ಕೆ ಗಾಳಿಯಾಡಿಸುತ್ತ, ನಡೆದಂತೆಲ್ಲ ಜೀರ್ ಎನ್ನುವ ಈ ಮೆಟ್ಟಿಗೆ ಸಾಟಿಯಿಲ್ಲ.